ಉಪದೇಶ ಸಾಕೇ, ಉಪದೇಶಕನೂ ಬೇಕೇ?

ಕಲ್ಕತ್ತೆಯ ಬ್ಯಾಪ್ಟಿಸ್ಟ್ ಮಿಷನ್ ಮುದ್ರಣಾಲಯದಲ್ಲಿ 1820ರಲ್ಲಿ ಒಂದು ಇಂಗ್ಲಿಷ್ ಪುಸ್ತಕ ಅಚ್ಚಾಯಿತು. ‘ಯೇಸುವಿನ ಉಪದೇಶಗಳು: ಶಾಂತಿ ಮತ್ತು ಸುಖದ ಮಾರ್ಗದರ್ಶಿ’ ಎಂಬುದು ಅದರ ಹೆಸರಿನ ಅರ್ಥ. ಒಂದು ಚಿಕ್ಕ ಮುನ್ನುಡಿ ಬಿಟ್ಟರೆ ಅದರಲ್ಲಿ ಇದ್ದುದೆಲ್ಲ ಬೈಬಲಿನ ನಾಲ್ಕು ಸುವಾರ್ತೆಗಳಿಂದ ಆರಿಸಿದ ಭಾಗಗಳೇ. ಬೆಟ್ಟದ ಮೇಲಿನ ಪ್ರಸಂಗವಿತ್ತು. ದಾರಿ ತಪ್ಪಿ ಮನೆಗೆ ಮರಳಿದ ಮಗನ ಕಥೆಯಂಥ ಸಾಮತಿಗಳಿದ್ದವು. ದೇವರನ್ನೂ ನೆರೆಯವನನ್ನೂ ಪ್ರೀತಿಸಬೇಕೆಂಬ ಆಜ್ಞೆಗಳಿದ್ದವು. ಪವಾಡಗಳು ಮಾತ್ರ ಬಹುಪಾಲು ಇರಲಿಲ್ಲ. ಯೇಸುವಿನ ಜನನ, ಶಿಲುಬೆಯ ಮರಣ, ಪುನರುತ್ಥಾನದ ಕಥನ ಇರಲಿಲ್ಲ. ಯೋಹಾನನ ಸುವಾರ್ತೆಯಿಂದ ತೆಗೆದುಕೊಂಡದ್ದು ತೀರ ಸ್ವಲ್ಪ.

ಇಷ್ಟು ಗೌರವದಿಂದ ಯೇಸುವಿನ ಮಾತುಗಳನ್ನು ಒಟ್ಟುಮಾಡಿದವರು ಪಾದ್ರಿಯಲ್ಲ, ಬಂಗಾಳದ ಬ್ರಾಹ್ಮಣ ರಾಮಮೋಹನ ರಾಯ್. ಸತಿ ಪದ್ಧತಿಯ ವಿರುದ್ಧ ಹೋರಾಡಿದವರೆಂದು ಶಾಲೆಯ ಪಾಠದಲ್ಲಿ ಓದಿದವರಿಗೆ ಅವರ ಈ ಮುಖ ಅಷ್ಟಾಗಿ ಗೊತ್ತಿರಲಾರದು. ಪುಸ್ತಕ ಬಂದಾಗ ಹಿಂದೂ ಸಂಪ್ರದಾಯಸ್ಥರು ಸಿಡಿದೇಳಬೇಕಿತ್ತು, ಮಿಷನರಿಗಳು ಹಿಗ್ಗಬೇಕಿತ್ತು. ಆದರೆ ಅತಿ ಗಟ್ಟಿಯಾದ ಆಕ್ಷೇಪ ಬಂದದ್ದು ಮಿಷನರಿಗಳಿಂದಲೇ. ಮುಂದಿನ ಮೂರು ವರ್ಷ ಕಲ್ಕತ್ತಾ ಮತ್ತು ಸೆರಾಂಪುರಗಳ ನಡುವೆ ನಡೆದ ವಾದ, ಆಧುನಿಕ ಭಾರತದಲ್ಲಿ ಕ್ರೈಸ್ತ ನಂಬಿಕೆಯ ಪರವಾಗಿ ನಡೆದ ಮೊದಲ ದೊಡ್ಡ ಬೌದ್ಧಿಕ ಹೋರಾಟ.

ಸೆರಾಂಪುರ, ಅಂದರೆ ಶ್ರೀರಾಮಪುರ, ಹೂಗ್ಲಿ ನದಿಯ ದಂಡೆಯ ಮೇಲೆ ಕಲ್ಕತ್ತೆಗೆ ಉತ್ತರದಲ್ಲಿರುವ ಊರು. ಆಗ ಅದು ಡೆನ್ಮಾರ್ಕ್ ದೊರೆಯ ಆಡಳಿತದಲ್ಲಿತ್ತು. ಈಸ್ಟ್ ಇಂಡಿಯಾ ಕಂಪನಿ ತನ್ನ ಸೀಮೆಯಲ್ಲಿ ಮಿಷನರಿಗಳನ್ನು ಸೇರಿಸುತ್ತಿರಲಿಲ್ಲ. 1813ರ ಚಾರ್ಟರ್ ಕಾಯ್ದೆ ಬರುವವರೆಗೂ ಅದೇ ಸ್ಥಿತಿ. ಹೀಗಾಗಿ 1800ರಲ್ಲಿ ವಿಲಿಯಂ ಕೇರಿ, ಜೋಶುವಾ ಮಾರ್ಷ್‌ಮನ್, ವಿಲಿಯಂ ವಾರ್ಡ್ ಎಂಬ ಮೂವರು ಇಂಗ್ಲಿಷ್ ಬ್ಯಾಪ್ಟಿಸ್ಟರು ಡೇನರ ನೆರಳಿನಲ್ಲಿ ಅಲ್ಲಿ ನೆಲೆಯೂರಿದರು. ಕೇರಿ ಮೊದಲು ಚಮ್ಮಾರರು, ಮಾರ್ಷ್‌ಮನ್ ನೇಕಾರರ ಮಗ, ವಾರ್ಡ್ ಮುದ್ರಕರು. ಸ್ವಂತ ಪರಿಶ್ರಮದಿಂದ ಭಾಷೆಗಳನ್ನು ಕಲಿತ ಈ ಮೂವರು ಬೈಬಲನ್ನು ಅನೇಕ ಭಾರತೀಯ ಭಾಷೆಗಳಿಗೆ ತಂದರು. ಕನ್ನಡಿಗರಿಗೂ ಆ ಊರಿನ ಋಣವಿದೆ. ಕೇರಿಯವರ ಕನ್ನಡ ವ್ಯಾಕರಣ, ‘ಕರ್ನಾಟ’ ಭಾಷೆಯ ವ್ಯಾಕರಣವೆಂಬ ಹೆಸರಿನಲ್ಲಿ 1817ರಲ್ಲಿ ಪ್ರಕಟವಾದದ್ದು ಅಲ್ಲಿಂದಲೇ.

ರಾಮಮೋಹನ ರಾಯರಿಗೆ ಈ ಜನರ ಪರಿಚಯ ಚೆನ್ನಾಗಿಯೇ ಇತ್ತು. 1803-04ರ ಸುಮಾರಿಗೆ ಪಾರ್ಸಿಯಲ್ಲಿ ಬರೆದ ‘ತುಹ್ಫತ್’ ಎಂಬ ಗ್ರಂಥದಲ್ಲಿ ಅವರು, ಎಲ್ಲ ಧರ್ಮಗಳೂ ಒಬ್ಬ ದೇವರನ್ನು ಒಪ್ಪುವುದರಲ್ಲಿ ಒಂದಾಗಿವೆ, ಉಳಿದ ವಿವರಗಳಲ್ಲಿ ಮಾತ್ರ ಜಗಳವಾಡುತ್ತವೆ ಎಂದು ವಾದಿಸಿದ್ದರು. ಕಲ್ಕತ್ತೆಗೆ ಬಂದು ನೆಲೆಸಿದ ಮೇಲೆ ಉಪನಿಷತ್ತುಗಳನ್ನು ಬಂಗಾಳಿಗೂ ಇಂಗ್ಲಿಷಿಗೂ ಅನುವಾದಿಸಿ ವಿಗ್ರಹಾರಾಧನೆಯನ್ನು ಟೀಕಿಸಿದರು. ಸ್ವಜನರ ಸಿಟ್ಟಿಗೆ ಗುರಿಯಾದರು. ಬೈಬಲನ್ನು ಮೂಲದಲ್ಲೇ ಓದಬೇಕೆಂದು ಹೀಬ್ರೂ ಮತ್ತು ಗ್ರೀಕ್ ಕಲಿತರು. ಇಂಥವರು ಇನ್ನೇನು ದೀಕ್ಷಾಸ್ನಾನ ಪಡೆಯುತ್ತಾರೆ ಎಂದು ಮಿಷನರಿಗಳು ಕಾಯುತ್ತಿದ್ದರು. ಅವರ ಕೈಗೆ ಬಂದದ್ದು ಈ ಪುಸ್ತಕ.

ಸೆರಾಂಪುರದವರ ಪತ್ರಿಕೆ ‘ಫ್ರೆಂಡ್ ಆಫ್ ಇಂಡಿಯಾ’ದಲ್ಲಿ ಒಬ್ಬ ಪಾದ್ರಿಯ ವಿಮರ್ಶೆ, ಅದರ ಜತೆಗೆ ಮಾರ್ಷ್‌ಮನ್ ಅವರ ಟಿಪ್ಪಣಿ ಪ್ರಕಟವಾದವು. ಸಂಕಲನಕಾರ ಬುದ್ಧಿವಂತನೇ ಆದರೂ ‘ಹೀದನ್’, ಅಂದರೆ ಅನ್ಯದೇವರ ಪೂಜಕ, ಎಂಬ ಧಾಟಿ ಅದರಲ್ಲಿತ್ತು. ವಿಗ್ರಹಾರಾಧನೆಯನ್ನು ಬಿಟ್ಟದ್ದಕ್ಕಾಗಿಯೇ ಮನೆಯವರಿಂದಲೂ ಊರವರಿಂದಲೂ ಬೈಸಿಕೊಂಡವರಿಗೆ ಈ ಮಾತು! ರಾಮಮೋಹನ ರಾಯ್ ‘ಸತ್ಯದ ಮಿತ್ರ’ ಎಂಬ ಕಾವ್ಯನಾಮದಲ್ಲಿ ಅದೇ ವರ್ಷ ‘ಕ್ರೈಸ್ತ ಸಾರ್ವಜನಿಕರಿಗೆ ಮನವಿ’ ಬರೆದರು. ಒಬ್ಬನೇ ದೇವರನ್ನು ನಂಬಿ ಯೇಸುವಿನ ಬೋಧನೆಯನ್ನು ಹರಡುವವನನ್ನು ಹೀದನ್ ಎನ್ನುವುದು ಕ್ರೈಸ್ತ ಸೌಜನ್ಯವೇ ಎಂದು ಕೇಳಿದರು. ಆ ಪದ ಬಳಸಿದ್ದು ಮಾರ್ಷ್‌ಮನ್ ಅವರ ತಪ್ಪೇ ಸರಿ. ಆದರೆ ಪದದ ಜಗಳದ ಕೆಳಗೆ ಬೇರೊಂದು ಪ್ರಶ್ನೆ ಇತ್ತು. ಅದು ಹಗುರವಾದದ್ದಲ್ಲ.

ರಾಯರ ನಿಲುವು ಸರಳ. ಯಾವ ಧರ್ಮದಲ್ಲಿಯೂ ನೀತಿ ಎಲ್ಲರ ಬುದ್ಧಿಗೂ ಎಟಕುವಂಥದು, ಎಲ್ಲರಿಗೂ ಹಿತವಾದದ್ದು. ಪವಾಡ, ಇತಿಹಾಸ, ತತ್ವಸಿದ್ಧಾಂತಗಳ ವಿಷಯದಲ್ಲಿ ಮಾತ್ರ ನಾಸ್ತಿಕರು ಪ್ರಶ್ನೆ ಎತ್ತುತ್ತಾರೆ, ಕ್ರೈಸ್ತರೇ ತಮ್ಮತಮ್ಮಲ್ಲಿ ಕಾದಾಡುತ್ತಾರೆ. ಆದ್ದರಿಂದ ಸಿಪ್ಪೆ ತೆಗೆದು ತಿರುಳನ್ನು ಕೊಡೋಣ. ಪವಾಡಗಳ ಬಗ್ಗೆ ಅವರು ಆಡಿದ ಮಾತು ಭಾರತೀಯರಿಗೆ ನಗು ತರಿಸುವಂಥದು: ಅಗಸ್ತ್ಯರು ಸಮುದ್ರವನ್ನೇ ಆಪೋಶನ ತೆಗೆದುಕೊಂಡ ಕಥೆ ಕೇಳಿ ಬೆಳೆದ ಜನರಿಗೆ ಸುವಾರ್ತೆಯ ಪವಾಡಗಳು ದೊಡ್ಡದಾಗಿ ಕಾಣುವುದಾದರೂ ಹೇಗೆ?

ಇವತ್ತಿನ ಓದುಗರಲ್ಲಿ ಅನೇಕರಿಗೆ ಇದು ತಮ್ಮದೇ ಮಾತೆನಿಸಬಹುದು. ಎಲ್ಲ ಧರ್ಮಗಳ ಸಾರವೂ ಒಂದೇ, ಒಳ್ಳೆಯದನ್ನು ಎಲ್ಲಿಂದಲಾದರೂ ತೆಗೆದುಕೊಳ್ಳಬೇಕು, ಸಿದ್ಧಾಂತ ಬೇಡ, ನಡತೆ ಮುಖ್ಯ ಎಂಬುದು ಈಗ ಬಸ್ಸಿನಲ್ಲಿ ಪಕ್ಕ ಕುಳಿತವರೂ ಆಡುವ ಮಾತು. 1820ರಲ್ಲಿ ಅದು ಹೊಸದಾಗಿತ್ತು. ಅದಕ್ಕೆ ಎದುರು ನಿಂತವರಿಗೆ ಯಾವ ಸಂಕಟವಿತ್ತು ಎಂಬುದನ್ನು ಅರಿಯದೆ ಹೋದರೆ ಮಾರ್ಷ್‌ಮನ್ ಬರೀ ಹಟಮಾರಿ ಪಾದ್ರಿಯಾಗಿ ಕಾಣುತ್ತಾರೆ.

ಮಾರ್ಷ್‌ಮನ್ ಹೇಳಿದ್ದು ಇಷ್ಟು: ಈ ರೀತಿ ಕತ್ತರಿಸಿದರೆ ಯೇಸು ಕನ್‌ಫ್ಯೂಷಿಯಸ್, ಮಹಮ್ಮದರ ಸಾಲಿನಲ್ಲಿ ಒಬ್ಬ ಬೋಧಕನಾಗಿ, ಒಂದು ಪಂಥದ ಸ್ಥಾಪಕನಾಗಿ ಉಳಿಯುತ್ತಾನೆ; ಲೋಕದ ಒಡೆಯನೂ ವಿಮೋಚಕನೂ ಆಗಿ ಉಳಿಯುವುದಿಲ್ಲ. ಕನ್‌ಫ್ಯೂಷಿಯಸನ ಹೆಸರು ಬಾಯಿಗೆ ಬಂದದ್ದೂ ಸುಮ್ಮನೆ ಅಲ್ಲ. ಚೀನೀ ಭಾಷೆ ಕಲಿತು 1809ರಲ್ಲಿ ಕನ್‌ಫ್ಯೂಷಿಯಸನ ಬರಹಗಳನ್ನು ಇಂಗ್ಲಿಷಿಗೆ ತಂದವರು ಇದೇ ಮಾರ್ಷ್‌ಮನ್. ನೀತಿಬೋಧನೆಗೆ ಬೆಲೆಯಿಲ್ಲ ಎಂಬುದು ಅವರ ಅಭಿಪ್ರಾಯವಾಗಿರಲಿಲ್ಲ. ನೀತಿಬೋಧನೆಯಷ್ಟೇ ಸಾಕಿದ್ದರೆ ಸಮುದ್ರ ದಾಟಿ ಬರುವ ಅಗತ್ಯವೇನಿತ್ತು ಎಂಬುದು ಪ್ರಶ್ನೆ.

ಅವರ ವಾದದ ಬೇರು ಪುಸ್ತಕದ ಹೆಸರಿನಲ್ಲಿಯೇ ಇದ್ದ ‘ಶಾಂತಿ’ ಎಂಬ ಪದಕ್ಕೆ ತಾಗುತ್ತದೆ. ಶತ್ರುವನ್ನು ಪ್ರೀತಿಸು, ಕಣ್ಣಿನಲ್ಲಿಯೂ ಕಾಮಿಸಬೇಡ, ನಾಳೆಯ ಚಿಂತೆ ಬಿಡು ಎಂಬ ಉಪದೇಶ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಕಠಿಣ. ಅದನ್ನು ಪಾಲಿಸಲಾಗದೆ ಸೋತವನಿಗೆ ಅದೇ ಉಪದೇಶ ಶಾಂತಿ ಕೊಡುವುದು ಹೇಗೆ? ಅದು ಅವನನ್ನು ದೋಷಿಯೆಂದು ತೋರಿಸುತ್ತದೆ, ಅಷ್ಟೆ. ತಪ್ಪಿತಸ್ಥನಿಗೆ ಕಾನೂನಿನ ಪುಸ್ತಕವನ್ನು ಕೈಗಿತ್ತು ಸಮಾಧಾನಪಡಿಸಿದ ಹಾಗೆ. ಆದ್ದರಿಂದಲೇ ಕ್ರಿಸ್ತನ ಮರಣ, ಅಂದರೆ ಮನುಷ್ಯರ ಪಾಪಕ್ಕೆ ಆತ ತೆತ್ತ ಪ್ರಾಯಶ್ಚಿತ್ತ, ಕ್ರೈಸ್ತ ಧರ್ಮದ ಸಿಪ್ಪೆಯಲ್ಲ, ಅದೇ ತಿರುಳು ಎಂದು ಮಾರ್ಷ್‌ಮನ್ ಸಾಧಿಸಿದರು.

ರಾಯರು ಸುಮ್ಮನಾಗುವವರಲ್ಲ. ದೇವರಿಗೂ ನೆರೆಯವರಿಗೂ ಪ್ರೀತಿ ತೋರಿದರೆ ಜೀವ ಲಭಿಸುತ್ತದೆಂದು ಯೇಸುವೇ ಹೇಳಿರುವಾಗ ಇನ್ನೊಂದು ಷರತ್ತು ಹಾಕಲು ಪಾದ್ರಿಗಳು ಯಾರು? ಮನೆಗೆ ಮರಳಿದ ಮಗನನ್ನು ತಂದೆ ಯಾವ ಬಲಿಯನ್ನೂ ಕೇಳದೆ ಅಪ್ಪಿಕೊಂಡನಲ್ಲ! ಒಬ್ಬನ ಅಪರಾಧಕ್ಕೆ ನಿರಪರಾಧಿಯೊಬ್ಬನನ್ನು ದಂಡಿಸುವುದನ್ನು ಮನುಷ್ಯರ ನ್ಯಾಯವೇ ಒಪ್ಪದು, ದೇವರ ನ್ಯಾಯ ಒಪ್ಪೀತೇ?

ವಾದ ಅಲ್ಲಿಂದ ಯೇಸು ಯಾರು ಎಂಬ ಪ್ರಶ್ನೆಗೆ ಹೊರಳಿತು. ಒಬ್ಬನೇ ದೇವರಲ್ಲಿ ತಂದೆ, ಮಗ, ಪವಿತ್ರಾತ್ಮ ಎಂಬ ಮೂವರಿದ್ದಾರೆ ಎನ್ನುವುದು ಕ್ರೈಸ್ತರ ತ್ರಿಯೇಕ ತತ್ವ. 325ರಲ್ಲಿ ನೈಸಿಯಾ ಎಂಬ ಊರಿನಲ್ಲಿ ಸೇರಿದ ಸಭೆ ಮಗನೂ ತಂದೆಯಷ್ಟೇ ದೇವರು ಎಂದು ನಿರ್ಣಯಿಸಿತ್ತು. ಮಾರ್ಷ್‌ಮನ್ ತಮ್ಮ ಸಾಕ್ಷ್ಯವನ್ನು ಸುವಾರ್ತೆಗಳಿಂದಲೇ ತೆಗೆದರು. ಯೇಸು ಪಾಪಗಳನ್ನು ಕ್ಷಮಿಸುತ್ತಾನೆ, ತನಗೆ ಅಡ್ಡಬಿದ್ದವರನ್ನು ತಡೆಯುವುದಿಲ್ಲ, ಲೋಕದ ಕೊನೆಗೆ ತಾನೇ ನ್ಯಾಯ ತೀರಿಸುವೆನೆನ್ನುತ್ತಾನೆ. ಒಬ್ಬ ನೀತಿಬೋಧಕ ಆಡುವ ಮಾತೇ ಇದು? ಇಲ್ಲಿ ಮಾರ್ಷ್‌ಮನ್ ಅವರ ಕೈ ಮೇಲಾಗಿದೆ ಎನ್ನಬೇಕು. ಕತ್ತರಿಯಾಡಿಸಿದ ಪುಸ್ತಕದಲ್ಲಿಯೂ ಈ ಬಗೆಯ ಮಾತುಗಳು ನುಸುಳದೆ ಬಿಡುವುದಿಲ್ಲ, ಏಕೆಂದರೆ ಉಪದೇಶದೊಳಗೇ ಉಪದೇಶಕ ತನ್ನ ವಿಷಯವನ್ನು ಹೆಣೆದಿದ್ದಾನೆ. ಮಾತನ್ನು ನಂಬಿ ಮಾತಾಡಿದವನು ತನ್ನ ಬಗ್ಗೆ ಹೇಳಿಕೊಂಡದ್ದನ್ನು ಬಿಡುತ್ತೇನೆ ಎಂದರೆ ಕಾರಣ ಕೊಡಬೇಕಾಗುತ್ತದೆ.

ರಾಯರು ಕಾರಣ ಕೊಟ್ಟರು. ಆ ಅಧಿಕಾರವೆಲ್ಲ ತಂದೆ ಮಗನಿಗೆ ಕೊಟ್ಟದ್ದು. ಕೊಡಿಸಿಕೊಂಡವನು ಕೊಟ್ಟವನಿಗೆ ಸಮನಲ್ಲ. ತಾನೂ ತಂದೆಯೂ ಒಂದೇ ಎಂದು ಯೇಸು ಹೇಳಿದ್ದು ನಿಜ, ಆದರೆ ಅದೇ ರೀತಿ ತನ್ನ ಶಿಷ್ಯರೂ ಒಂದಾಗಿರಲಿ ಎಂದು ಪ್ರಾರ್ಥಿಸಿದ್ದೂ ನಿಜ. ಆದ್ದರಿಂದ ಅದು ಮನಸ್ಸಿನ ಐಕ್ಯ, ಸ್ವರೂಪದ ಐಕ್ಯವಲ್ಲ. ಹೀಬ್ರೂ ಬೈಬಲಿನಲ್ಲಿ ದೇವರನ್ನು ಸೂಚಿಸುವ ‘ಎಲೋಹಿಮ್’ ಎಂಬ ಪದ ಬಹುವಚನದಲ್ಲಿದೆ, ಇದು ತ್ರಿಯೇಕತ್ವದ ಸುಳಿವು ಎಂದು ಕ್ರೈಸ್ತ ಪಂಡಿತರು ಹೇಳುತ್ತಿದ್ದರು. ಏಷ್ಯಾದ ಭಾಷೆಗಳಲ್ಲಿ ಗೌರವಕ್ಕೆ ಬಹುವಚನ ಬಳಸುವುದು ವಾಡಿಕೆ ಎಂದು ರಾಯರು ಉತ್ತರಿಸಿದರು. ‘ಗುರುಗಳು ಬಂದರು’ ಎಂದರೆ ಬಂದವರು ಒಬ್ಬರೇ ಎಂಬುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ.

ಮಾರ್ಷ್‌ಮನ್ ಅವರ ಆತಂಕಕ್ಕೆ ಇಂಗ್ಲೆಂಡಿನ ಹಿನ್ನೆಲೆಯೂ ಇತ್ತು. ತ್ರಿಯೇಕ ತತ್ವವನ್ನು ಒಪ್ಪದ ಕ್ರೈಸ್ತರಿಗೆ ಯೂನಿಟೇರಿಯನ್ನರೆಂದು ಹೆಸರು. ತ್ರಿಯೇಕತ್ವವನ್ನು ಅಲ್ಲಗಳೆಯುವುದು ಬ್ರಿಟನ್ನಿನಲ್ಲಿ 1813ರವರೆಗೂ ಕಾನೂನಿನ ಪ್ರಕಾರ ಅಪರಾಧವಾಗಿತ್ತು. 1791ರಲ್ಲಿ ಬರ್ಮಿಂಗ್‌ಹ್ಯಾಮಿನ ದೊಂಬಿಯಲ್ಲಿ ಯೂನಿಟೇರಿಯನ್ ಬೋಧಕ, ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ ಅವರ ಮನೆಯನ್ನೇ ಸುಟ್ಟಿದ್ದರು. ರಾಜಕೀಯವೂ ಅದರಲ್ಲಿ ಸೇರಿತ್ತೆನ್ನಿ. ಆ ನಾಡಿನಿಂದ ಬಂದವರ ಕಣ್ಣಿಗೆ ಬಂಗಾಳದ ವೇದಾಂತಿ ತಮ್ಮೂರಿನ ಹಳೆಯ ಎದುರಾಳಿಯ ಭಾಷೆಯನ್ನೇ ಆಡಿದಂತೆ ಕಂಡಿತು. ಇಂಗ್ಲೆಂಡಿನ ರಾಜಸಭೆಯ ಚರ್ಚಿಗೆ ಸೇರದ ಕಾರಣ ಬ್ಯಾಪ್ಟಿಸ್ಟರೂ ಅಲ್ಲಿ ಎರಡನೇ ದರ್ಜೆಯ ಪ್ರಜೆಗಳೇ ಆಗಿದ್ದರು ಎಂಬುದನ್ನೂ ಮರೆಯುವಂತಿಲ್ಲ. ನಂಬಿಕೆಗಾಗಿ ಬೆಲೆ ತೆತ್ತವರು ಅದನ್ನು ಸುಲಭವಾಗಿ ಸಡಿಲಿಸುವುದಿಲ್ಲ.

ಜಾರಿದ ಆಡಂ

ಈ ನಡುವೆ ಮಿಷನರಿಗಳ ಮನೆಯೊಳಗೇ ಒಂದು ಆಘಾತವಾಯಿತು. ವಿಲಿಯಂ ಆಡಂ ಎಂಬ ಸ್ಕಾಟ್ಲೆಂಡಿನ ಯುವಕ 1818ರಲ್ಲಿ ಬ್ಯಾಪ್ಟಿಸ್ಟ್ ಮಿಷನರಿಯಾಗಿ ಬಂಗಾಳಕ್ಕೆ ಬಂದಿದ್ದರು. ಅವರೂ ವಿಲಿಯಂ ಯೇಟ್ಸ್ ಎಂಬ ಇನ್ನೊಬ್ಬ ಮಿಷನರಿಯೂ ರಾಮಮೋಹನ ರಾಯರ ಜತೆ ಕುಳಿತು ಸುವಾರ್ತೆಗಳನ್ನು ಬಂಗಾಳಿಗೆ ಹೊಸದಾಗಿ ಅನುವಾದಿಸತೊಡಗಿದರು. ಯೋಹಾನನ ಸುವಾರ್ತೆಯ ಆರಂಭದಲ್ಲೇ ಕೆಲಸ ಕಗ್ಗಂಟಾಯಿತು. ಸಮಸ್ತವೂ ದೇವರ ವಾಕ್ಯದಿಂದ ಉಂಟಾಯಿತು ಎನ್ನುವಲ್ಲಿ ಗ್ರೀಕಿನಲ್ಲಿ ‘ದಿಯಾ’ ಎಂಬ ಒಂದು ಚಿಕ್ಕ ಪದವಿದೆ. ಅದನ್ನು ‘ಇಂದ’ ಎನ್ನಬೇಕೇ, ‘ಮೂಲಕ’ ಎನ್ನಬೇಕೇ? ಕುಂಬಾರನಿಂದ ಗಡಿಗೆ ಆಯಿತು ಎನ್ನುವುದಕ್ಕೂ ತಿಗರಿಯ ಮೂಲಕ ಆಯಿತು ಎನ್ನುವುದಕ್ಕೂ ಇರುವ ವ್ಯತ್ಯಾಸ ಇದು. ‘ಮೂಲಕ’ ಎಂದರೆ ಕ್ರಿಸ್ತ ಸೃಷ್ಟಿಕರ್ತನಲ್ಲ, ಸೃಷ್ಟಿಯ ಸಾಧನ ಎಂಬ ಅರ್ಥಕ್ಕೆ ದಾರಿಯಾಗುತ್ತದೆ. ಅದನ್ನು ಕಂಡು ಯೇಟ್ಸ್ ಹಿಂದೆ ಸರಿದರು. ಆಡಂ ಸರಿಯಲಿಲ್ಲ.

ರಾಯರನ್ನು ಕ್ರೈಸ್ತರನ್ನಾಗಿ ಮಾಡುವೆನೆಂದು ಹೊರಟಿದ್ದ ಆಡಂ 1821ರಲ್ಲಿ ತಾವೇ ಯೂನಿಟೇರಿಯನ್ ಆದರು. ಮಿಷನ್ ಜತೆಗಿನ ಸಂಬಂಧ ಕಡಿಯಿತು. ಕಲ್ಕತ್ತೆಯ ಬಿಳಿಯರು ಅವರನ್ನು ‘ಪತಿತನಾದ ಎರಡನೇ ಆಡಂ’ ಎಂದು ಗೇಲಿ ಮಾಡಿದರು. ಅದೇ ವರ್ಷ ರಾಯರೂ ಆಡಂ ಅವರೂ ಸೇರಿ ಕಲ್ಕತ್ತಾ ಯೂನಿಟೇರಿಯನ್ ಸಮಿತಿಯನ್ನು ಸ್ಥಾಪಿಸಿದರು. ಅದು ಹೆಚ್ಚು ಕಾಲ ಬಾಳಲಿಲ್ಲ. ಆಡಂ ಹೆಸರು ಈಗ ಉಳಿದಿರುವುದು 1835ರಿಂದ 1838ರ ನಡುವೆ ಬಂಗಾಳದ ಶಿಕ್ಷಣದ ಬಗ್ಗೆ ಸರ್ಕಾರಕ್ಕೆ ಅವರು ಬರೆದುಕೊಟ್ಟ ವರದಿಗಳಿಂದ.

ರಾಯರ ‘ಎರಡನೇ ಮನವಿ’ 1821ರಲ್ಲಿ ಬಂತು. ಮೊದಲನೆಯದಕ್ಕಿಂತ ಬಹಳ ದೊಡ್ಡದು. ಮಾರ್ಷ್‌ಮನ್ ದೀರ್ಘವಾಗಿಯೇ ಉತ್ತರಿಸಿದರು. ಅವರ ಲೇಖನಗಳು ‘ಯೇಸು ಕ್ರಿಸ್ತನ ದೈವತ್ವ ಮತ್ತು ಪ್ರಾಯಶ್ಚಿತ್ತದ ಸಮರ್ಥನೆ’ ಎಂಬ ಅರ್ಥದ ಹೆಸರಿನಲ್ಲಿ 1822ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾದವು. ರಾಯರು ‘ಕೊನೆಯ ಮನವಿ’ಯ ಹಸ್ತಪ್ರತಿ ತಂದಾಗ, ಹಿಂದಿನವನ್ನು ಮುದ್ರಿಸಿಕೊಟ್ಟಿದ್ದ ಬ್ಯಾಪ್ಟಿಸ್ಟ್ ಮಿಷನ್ ಮುದ್ರಣಾಲಯ ಇದನ್ನು ಮುದ್ರಿಸಲು ಒಪ್ಪಲಿಲ್ಲ. ರಾಯರು ಅಚ್ಚಿನ ಮೊಳೆಗಳನ್ನು ಕೊಂಡು ಧರ್ಮತಲಾದಲ್ಲಿ ತಮ್ಮದೇ ಮುದ್ರಣಾಲಯ ಹಾಕಿದರು. 1823ರಲ್ಲಿ ಪುಸ್ತಕ ಅಲ್ಲಿಂದ ಹೊರಬಂತು. ಒಂದು ವಾದ ಸರಿಯೆಂದು ನಂಬಿದವರು ಎದುರಾಳಿಗೆ ಅಚ್ಚುಮೊಳೆ ನಿರಾಕರಿಸುವುದು ತಮ್ಮ ಪಕ್ಷಕ್ಕೇ ಮಾಡಿಕೊಳ್ಳುವ ನಷ್ಟ. ಓದುಗರ ಕಣ್ಣಿಗೆ ಗೆದ್ದವರು ಯಾರೆಂದು ಕಾಣಿಸಿರಬೇಕೆಂಬುದನ್ನು ಊಹಿಸಬಹುದು.

ಇನ್ನೊಂದು ಅಸಮತೆಯೂ ಇತ್ತು. ಸೆರಾಂಪುರದವರ ಬಂಗಾಳಿ ಪತ್ರಿಕೆ ‘ಸಮಾಚಾರ ದರ್ಪಣ’ದಲ್ಲಿ 1821ರಲ್ಲಿ ಹಿಂದೂ ಶಾಸ್ತ್ರಗಳ ಟೀಕೆ ಬಂದಾಗ ರಾಯರು ಬೇರೆ ಹೆಸರಿನಲ್ಲಿ ‘ಬ್ರಾಹ್ಮಣಿಕಲ್ ಮ್ಯಾಗಜೀನ್’ ಹೊರಡಿಸಿ ಉತ್ತರಿಸಿದರು. ಆಳುವವರ ಧರ್ಮದವರು ಆಳಿಸಿಕೊಳ್ಳುವ ಬಡವರ ಧರ್ಮವನ್ನು ಹಳಿಯುವುದರಲ್ಲಿ ಯಾವ ಪೌರುಷವಿದೆ ಎಂಬುದು ಅದರಲ್ಲಿನ ಚುಚ್ಚು ಪ್ರಶ್ನೆ. ಕಲ್ಕತ್ತೆಯ ಬಿಷಪ್ ಮಿಡ್ಲ್‌ಟನ್ ಅವರು, ಕ್ರೈಸ್ತರಾದರೆ ರಾಯರಿಗೆ ಇಂಗ್ಲೆಂಡಿನಲ್ಲೂ ಭಾರತದಲ್ಲೂ ಕೀರ್ತಿ ಬರುತ್ತದೆಂದು ಹೇಳಿದ್ದರಂತೆ. ಅದನ್ನು ಕೇಳಿ ಬೇಸರಗೊಂಡ ರಾಯರು ಮತ್ತೆ ಅವರ ಮುಖ ನೋಡಲಿಲ್ಲವೆಂದು ಆಡಂ ಬರೆದಿದ್ದಾರೆ. ಸತ್ಯದ ಮಾತಾಡುವಲ್ಲಿ ಆಮಿಷದ ವಾಸನೆ ಬಂದರೆ ಮಾತು ಅಲ್ಲಿಗೇ ಮುಗಿಯುತ್ತದೆ.

ವಿಚಿತ್ರವೆಂದರೆ ಅದೇ 1820ರ ಸುಮಾರಿಗೆ, ಭೂಮಿಯ ಇನ್ನೊಂದು ಬದಿಯಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಾಮಸ್ ಜೆಫರ್ಸನ್ ಕೂಡ ಬೈಬಲಿಗೆ ಅಕ್ಷರಶಃ ಕತ್ತರಿಯಾಡಿಸಿ, ಪವಾಡ ಪುನರುತ್ಥಾನಗಳನ್ನು ಬಿಟ್ಟು, ಯೇಸುವಿನ ಜೀವನ ಮತ್ತು ನೀತಿಯ ತುಣುಕುಗಳನ್ನು ಅಂಟಿಸಿ ಪುಸ್ತಕ ಮಾಡಿಕೊಂಡರು. ಅದನ್ನು ಮನೆಯಲ್ಲೇ ಇಟ್ಟುಕೊಂಡರು. ಅಮೆರಿಕದ ಕಾಂಗ್ರೆಸ್ ಅದನ್ನು ಮುದ್ರಿಸಿದ್ದು 1904ರಲ್ಲಿ. ರಾಯರು ಸಾರ್ವಜನಿಕವಾಗಿ ಮಾಡಿದರು, ಪೆಟ್ಟೂ ತಿಂದರು.

ಕತ್ತರಿಸಿದ ಭಾಗದ ಕಥೆ

ಭಾರತದಲ್ಲಿ ಮುಂದೆ ಬಲ ಪಡೆದದ್ದು ರಾಯರ ದಾರಿ. ಅವರು 1828ರಲ್ಲಿ ಆರಂಭಿಸಿದ ಬ್ರಹ್ಮಸಭೆಯೇ ಬ್ರಹ್ಮಸಮಾಜವಾಗಿ ಬೆಳೆಯಿತು. ಅದರ ನಾಯಕ ಕೇಶವಚಂದ್ರ ಸೇನ್ 1866ರಲ್ಲಿ ಯೇಸುವಿನ ಬಗ್ಗೆ ಮಾಡಿದ ಭಾಷಣ ಎಷ್ಟು ಭಾವಪೂರ್ಣವಾಗಿತ್ತೆಂದರೆ ಅವರು ಕ್ರೈಸ್ತರಾಗುತ್ತಾರೆಂದೇ ಜನ ತಿಳಿದರು, ಆಗಲಿಲ್ಲ. ನಮ್ಮ ಕರಾವಳಿಗೂ ಈ ಗಾಳಿ ಬೀಸಿತು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಿತ್ತು. 1870ರಲ್ಲಿ ಅದೇ ಊರಿನಲ್ಲಿ ಬ್ರಹ್ಮಸಮಾಜ ಆರಂಭವಾಯಿತು. ಬಿಲ್ಲವ ಮುಖಂಡ ಅರಸಪ್ಪನವರು ಅದರ ಹಿಂದಿದ್ದರು. ದಲಿತರ ಶಿಕ್ಷಣಕ್ಕಾಗಿ ಬದುಕು ಸವೆಸಿದ ಕುದ್ಮುಲ್ ರಂಗರಾವ್ ಮುಂದೆ ಆ ಸಮಾಜಕ್ಕೆ ಸೇರಿದವರು.

ಈ ದಾರಿ ಮುಟ್ಟಿದ ತುದಿ ಗಾಂಧೀಜಿಯವರ ಮಾತಿನಲ್ಲಿದೆ. ಯೇಸು ಎಂಬ ವ್ಯಕ್ತಿ ಬದುಕಿರಲೇ ಇಲ್ಲವೆಂದು ಯಾರಾದರೂ ತೋರಿಸಿಕೊಟ್ಟರೂ ಬೆಟ್ಟದ ಮೇಲಿನ ಪ್ರಸಂಗ ತಮಗೆ ಸತ್ಯವಾಗಿಯೇ ಉಳಿಯುತ್ತದೆ ಎಂಬ ಅರ್ಥದಲ್ಲಿ ಅವರು 1931ರಲ್ಲಿ ಹೇಳಿದ್ದರು. ಮಾರ್ಷ್‌ಮನ್ ಹೆದರಿದ್ದು ಇದಕ್ಕೇ. ಗಾಂಧೀಜಿಯಂಥವರ ಬದುಕನ್ನು ನೋಡಿದರೆ ಉಪದೇಶವೊಂದೇ ಸಾಲದು ಎನ್ನಲು ನಾಲಿಗೆ ಬಾರದು. ಆದರೆ ಆ ಪ್ರಸಂಗದ ಎದುರು ಸೋತು ಕುಳಿತ ಸಾಮಾನ್ಯನ ವಿಷಯದಲ್ಲಿ ಮಾರ್ಷ್‌ಮನ್ ಎತ್ತಿದ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಬಗ್ಗೆ ಕಾವ್ಯ ಬರೆಯಲು ಹೊರಟಾಗ ಆರಿಸಿಕೊಂಡದ್ದು ಉಪದೇಶಗಳನ್ನಲ್ಲ, ಶಿಲುಬೆಯ ದಿನವನ್ನು. ಅವರ ‘ಗೊಲ್ಗೊಥಾ’ದ ವಸ್ತು, ರಾಯರು ತಮ್ಮ ಸಂಕಲನದಿಂದ ಹೊರಗಿಟ್ಟ ಅದೇ ಭಾಗ.

ಕ್ರೈಸ್ತ ಚಿಂತಕರೂ ಈ ವಾದವನ್ನು ಮರೆತಿಲ್ಲ. ಬೆಂಗಳೂರಿನ ಧರ್ಮ ಮತ್ತು ಸಮಾಜ ಅಧ್ಯಯನದ ಕ್ರೈಸ್ತ ಸಂಸ್ಥೆಯ ನಿರ್ದೇಶಕರಾಗಿದ್ದು, ಮುಂದೆ ನಾಗಾಲ್ಯಾಂಡಿನ ರಾಜ್ಯಪಾಲರಾದ ಎಂ.ಎಂ. ಥಾಮಸ್, ಭಾರತೀಯ ಪುನರುಜ್ಜೀವನ ಮತ್ತು ಕ್ರಿಸ್ತನ ಬಗ್ಗೆ ಬರೆದ ಗ್ರಂಥವನ್ನು ರಾಮಮೋಹನ-ಮಾರ್ಷ್‌ಮನ್ ಪ್ರಕರಣದಿಂದಲೇ ಆರಂಭಿಸಿದರು.

ವಾದ ಅಷ್ಟು ಕಟುವಾಗಿದ್ದರೂ ಎರಡೂ ಕಡೆಯವರು ಕೆಲಸದಲ್ಲಿ ಜತೆಯಾಗಿದ್ದ ಸಂದರ್ಭಗಳು ಕಡಿಮೆಯಲ್ಲ. ಸತಿ ಪದ್ಧತಿಯ ವಿರುದ್ಧ ಇಬ್ಬರೂ ಬರೆದರು. 1829ರ ಡಿಸೆಂಬರಿನಲ್ಲಿ ಅದನ್ನು ನಿಷೇಧಿಸುವ ಆಜ್ಞೆ ಒಂದು ಭಾನುವಾರ ಅನುವಾದಕ್ಕೆಂದು ಕೈಸೇರಿದಾಗ, ಕೇರಿ ಅಂದಿನ ಪ್ರವಚನವನ್ನು ಬೇರೆಯವರಿಗೆ ಒಪ್ಪಿಸಿ ಬಂಗಾಳಿ ಅನುವಾದಕ್ಕೆ ಕುಳಿತರೆಂಬುದು ಪ್ರಸಿದ್ಧ. ಮರುವರ್ಷ ಸ್ಕಾಟ್ಲೆಂಡಿನ ಮಿಷನರಿ ಅಲೆಕ್ಸಾಂಡರ್ ಡಫ್ ಕಲ್ಕತ್ತೆಯಲ್ಲಿ ಶಾಲೆ ತೆರೆಯಲು ಜಾಗ ಹುಡುಕುತ್ತಿದ್ದಾಗ ಕೊಡಿಸಿದವರು ರಾಮಮೋಹನ ರಾಯ್.

ಅದೇ 1830ರ ನವೆಂಬರಿನಲ್ಲಿ ರಾಯರು, ಮೊಗಲ್ ಬಾದಶಹ ಕೊಟ್ಟ ‘ರಾಜಾ’ ಬಿರುದಿನೊಡನೆ ಆತನ ಪ್ರತಿನಿಧಿಯಾಗಿ ಇಂಗ್ಲೆಂಡಿಗೆ ಹೊರಟರು. 1833ರ ಸೆಪ್ಟೆಂಬರಿನಲ್ಲಿ ಯೂನಿಟೇರಿಯನ್ ಮಿತ್ರರ ಅತಿಥಿಯಾಗಿ ಬ್ರಿಸ್ಟಲ್‌ಗೆ ಹೋದವರು ಕಾಯಿಲೆ ಬಿದ್ದು 27ರಂದು ಅಲ್ಲೇ ತೀರಿಕೊಂಡರು. ಮೈಮೇಲೆ ಜನಿವಾರವಿತ್ತು. ಯಾವ ಚರ್ಚಿನ ವಿಧಿಯೂ ಇಲ್ಲದೆ ಮನೆಯ ತೋಟದಲ್ಲಿ ಮೌನವಾಗಿ ಮಣ್ಣುಮಾಡಿದರು; 1843ರಲ್ಲಿ ದ್ವಾರಕಾನಾಥ ಠಾಕೂರರು ಅದೇ ಊರಿನ ಅರ್ನೋಸ್ ವೇಲ್ ಸ್ಮಶಾನದಲ್ಲಿ ಛತ್ರಿ ಕಟ್ಟಿಸಿದರು. 1799ರಲ್ಲಿ ಭಾರತಕ್ಕೆ ಹಡಗು ಹತ್ತುವ ಮುನ್ನ ಮಾರ್ಷ್‌ಮನ್ ಶಾಲಾಮಾಸ್ತರರಾಗಿದ್ದದ್ದೂ ಬ್ರಿಸ್ಟಲ್‌ನಲ್ಲೇ, ಬ್ರಾಡ್‌ಮೀಡ್ ಬ್ಯಾಪ್ಟಿಸ್ಟ್ ಸಭೆಯ ಶಾಲೆಯಲ್ಲಿ. ಅವರು 1837ರ ಡಿಸೆಂಬರಿನಲ್ಲಿ ಸೆರಾಂಪುರದಲ್ಲಿ ಕಣ್ಣುಮುಚ್ಚಿದರು. ಸಮಾಧಿ ಅಲ್ಲೇ ಇದೆ.